ಕುಸ್ಕೋ ಅಂಕಲ್ ಮತ್ತು ಮೊದಲ ಸಾಲಿನ ಕುರ್ಚಿ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಈ ಮನುಷ್ಯ ಬದುಕಿದ್ದಾಗಲೂ ಯಾರೂ ಕೆಟ್ಟದ್ದು ಆಡಲಿಲ್ಲ. ಎದುರಿಗೆ ಆಡಿದರೆ ಮರ್ಯಾದೆಯಲ್ಲ, ಬೆನ್ನ ಹಿಂದೆ ಆಡಿದರೆ ಸಣ್ಣತನ, ಸತ್ತ ಮೇಲೆ ಆಡಿದರೆ ಪಾಪ. ಹಾಗಾದರೆ ಆಡುವುದು ಯಾವಾಗ ಎಂದು ಕೇಳಿದೆ. ನಮ್ಮ ಕನ್ನಡ ಸಂಘದ ಈಗಿನ ಅಧ್ಯಕ್ಷ ಗಿರೀಶ ಫೋನಿನಲ್ಲಿ ನಕ್ಕ. "ಅಕ್ಕಾ, ಸ್ಮರಣ ಸಂಚಿಕೆಗೆ ಒಂದೆರಡು ಪೇಜ್ ಅಷ್ಟೆ. ಅಂಕಲ್ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ದುಕೊಡಿ. ಕುಸ್ಕೋಗೆ ನೀವು ಜೊತೇಲೇ ಹೋಗಿದ್ರಲ್ಲ," ಎಂದ. ಹೌದು, ಹೋಗಿದ್ದೆ. ತೊಂದರೆ ಇರುವುದೇ ಅಲ್ಲಿ.

ನಾಲ್ಕು ಒಳ್ಳೆಯ ಮಾತು ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು. ಅವರು ಯಾವತ್ತೂ ಕಾರ್ಯಕ್ರಮಕ್ಕೆ ತಡವಾಗಿ ಬಂದವರಲ್ಲ. ಮೊದಲ ಸಾಲಿನ ನಡುವಿನ ಕುರ್ಚಿ ಬೇರೆಯವರ ಪಾಲಾದೀತು ಎಂದು ಬೇಗ ಬರುತ್ತಿದ್ದರು ಎಂಬುದನ್ನೂ ಸೇರಿಸಿದರೆ ಅದೂ ಒಳ್ಳೆಯ ಮಾತಾಗಿ ಉಳಿಯುವುದಿಲ್ಲ. ಹಾಗಾಗಿ ಸಂಚಿಕೆಗೆ ನಾನು ಏನೂ ಕೊಡಲಿಲ್ಲ. ಇದನ್ನು ಬರೆಯುತ್ತಿರುವುದು ನನ್ನ ಹೊಟ್ಟೆಯುರಿ ತಣ್ಣಗಾಗಲೆಂದು.

ಅವರು ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಕಾರಿನ ಬಾಗಿಲ ಚಿಲಕದ ಎಂಜಿನಿಯರ್ ಆಗಿದ್ದರು. ಬಾಗಿಲು ಮುಚ್ಚುವಾಗ ಬರುವ ಆ ಗಟ್ಟಿ ಶಬ್ದಕ್ಕೆ ತಾವೇ ಕಾರಣ ಎಂದು ನಂಬಿದ್ದರು. ಯಾರ ಕಾರಿನಲ್ಲಿ ಕೂತರೂ ಬಾಗಿಲನ್ನು ಎರಡು ಸಲ ಹಾಕಿ "ಕೇಳಿಸ್ತಾ?" ಎನ್ನುವರು. ಕೇಳಿಸಿತು ಎನ್ನುವವರೆಗೆ ಗಾಡಿ ಬಿಡುವಂತಿರಲಿಲ್ಲ. ನಮ್ಮದು ಜಪಾನಿ ಕಾರು. ನಮ್ಮ ಬಾಗಿಲು ಹಾಕಿ ಅವರು ಏನೂ ಹೇಳುತ್ತಿರಲಿಲ್ಲ, ಮಗು ಫೇಲಾದ ಸುದ್ದಿ ಕೇಳಿದವರಂತೆ ತಲೆ ಆಡಿಸುತ್ತಿದ್ದರು.

ನಾರ್ತ್‌ವಿಲ್‌ನಲ್ಲಿ ದೊಡ್ಡ ಮನೆ. ಎತ್ತರದ ಬಾಗಿಲು, ಅದಕ್ಕಿಂತ ಎತ್ತರದ ಕಂಬಗಳು, ಕೆಳಗೆ ಮದುವೆ ಮಾಡಬಹುದಾದಷ್ಟು ದೊಡ್ಡ ಬೇಸ್‌ಮೆಂಟ್. ಸಂಘಕ್ಕೆ ಎರಡು ಅವಧಿ ಅಧ್ಯಕ್ಷರಾಗಿದ್ದರು. ಆಮೇಲೆ ಬಂದ ಅಧ್ಯಕ್ಷರೆಲ್ಲ ಹೆಸರಿಗೆ ಮಾತ್ರ. ಹೋಳಿಗೆಯೋ ಶ್ಯಾವಿಗೆ ಪಾಯಸವೋ ಎಂಬುದರಿಂದ ಹಿಡಿದು ಮಕ್ಕಳ ನಾಟಕದಲ್ಲಿ ಯಾರು ಮುಂದೆ ನಿಲ್ಲಬೇಕು ಎಂಬುದರವರೆಗೆ "ಅಂಕಲ್‌ನ ಒಂದ್ಮಾತು ಕೇಳ್ಬಿಡೋಣ" ಎನ್ನದೆ ಇಲ್ಲಿ ಎಲೆ ಅಲುಗಾಡುತ್ತಿರಲಿಲ್ಲ. ಅವರು ಹೋದ ಮೇಲೂ ಅದು ನಿಂತಿಲ್ಲ. ಆ ಮನೆಯ ಬೇಸ್‌ಮೆಂಟನ್ನೇ ಅವರ ಹೆಸರಿನ ಗ್ರಂಥಾಲಯ ಮಾಡಿ, ಸಂಘದ ಕಾರ್ಯಕ್ರಮಗಳನ್ನೆಲ್ಲ ಅಲ್ಲೇ ನಡೆಸಬೇಕೆಂದು ಗಿರೀಶ ಯೋಜನೆ ಹಾಕಿದ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ. ಆ ಮನೆಯಲ್ಲಿ ಒಬ್ಬರು ಇನ್ನೂ ಬದುಕಿದ್ದಾರೆ, ಅವರಿಗೆ ಬೇರೆ ಆಸೆ ಇರಬಹುದು ಎಂಬುದು ಕಮಿಟಿಯ ಯಾರಿಗೂ ಹೊಳೆಯಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಕರೆಯುವುದು ಆಂಟಿ ಎಂದು. ಅಷ್ಟೇ, ಬರೀ ಆಂಟಿ. ಅವರ ಹೆಸರು ಗೊತ್ತಿರುವವರು ಸಂಘದಲ್ಲಿ ಕಡಿಮೆ.

ಕಾರ್ಯಕ್ರಮಗಳಲ್ಲಿ ಅಂಕಲ್ ಮೊದಲ ಸಾಲಿನಲ್ಲಿ, ಆಂಟಿ ಸರಿಯಾಗಿ ಅವರ ಹಿಂದೆ ಎರಡನೆಯ ಸಾಲಿನಲ್ಲಿ. ಅದಕ್ಕೆ ಕಾರಣವಿತ್ತು. ವೇದಿಕೆಯ ಮೇಲೆ ಯಾರಾದರೂ ಹಾಡುತ್ತಿರುವಾಗ ಅಂಕಲ್‌ನ ಬಲಗೈ ಭುಜದ ಮೇಲಿಂದ ಹಿಂದಕ್ಕೆ ಚಾಚಿಕೊಳ್ಳುತ್ತಿತ್ತು, ಅಂಗೈ ಮೇಲಾಗಿ. ತಿರುಗಿ ನೋಡುತ್ತಿರಲಿಲ್ಲ. ಆ ಅಂಗೈ ಮೇಲೆ ಒಂದು ಕಿತ್ತಳೆ ತೊಳೆ ಬಂದು ಕೂರುತ್ತಿತ್ತು, ಬಿಳಿ ನಾರನ್ನೆಲ್ಲ ಬಿಡಿಸಿ ನುಣ್ಣಗೆ ಮಾಡಿದ್ದು. ಕೈ ಬಾಯಿಗೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತಿತ್ತು. ಒಮ್ಮೆ ತೊಳೆಯ ಮೇಲೆ ಒಂದೆಳೆ ನಾರು ಉಳಿದಿತ್ತೇನೋ, ಕೈ ಅದನ್ನು ಹಾಗೇ ವಾಪಸು ಕೊಟ್ಟಿತು. ಆಂಟಿ ಅದನ್ನು ತೆಗೆದು ಮತ್ತೆ ಇಟ್ಟರು. ನಾನು ಪಕ್ಕದಲ್ಲೇ ಕೂತಿದ್ದೆ. ಅಮೆರಿಕದಲ್ಲಿ ಹುಟ್ಟಿದ ನನ್ನ ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ಈಸ್ ಹೀ ಓಕೆ? ಅವರ ಕೈಗೆ ಏನಾಗಿದೆ?" ಎಂದು ಕೇಳಿದಳು. ಏನೂ ಆಗಿಲ್ಲ ಪುಟ್ಟಾ, ಚೆನ್ನಾಗೇ ಇದೆ ಎಂದೆ.

ಕುಸ್ಕೋ ಹುಚ್ಚು ಅವರಿಗೆ ರಿಟೈರ್ ಆಗುವ ಹೊತ್ತಿಗೆ ಹಿಡಿಯಿತು. ಪೆರು ದೇಶದ ಬೆಟ್ಟಗಳ ಮಧ್ಯೆ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿರುವ ಊರು ಕುಸ್ಕೋ. ಇಂಕಾ ರಾಜರ ರಾಜಧಾನಿ. ಅವರ ಮಾತಿನಲ್ಲಿ ಅದು ಜಗತ್ತಿನ ಹೊಕ್ಕುಳು. ನಾಲ್ಕು ದಿಕ್ಕಿಗೆ ಹೊರಡುವ ನಾಲ್ಕು ರಾಜಮಾರ್ಗ ಆ ಊರಿನ ಚೌಕದಿಂದಲೇ ಶುರುವಾಗುತ್ತಿದ್ದವು. ಸೂರ್ಯನ ಗುಡಿಯ ಗೋಡೆಗೆ ಚಿನ್ನದ ತಗಡು ಹೊದಿಸಿದ್ದರು. ಸ್ಪೇನಿನವರು ಬಂದು ತಗಡನ್ನು ಕಿತ್ತು ಕರಗಿಸಿ, ಗುಡಿಯ ಗೋಡೆಯ ಮೇಲೇ ತಮ್ಮ ಮಠ ಕಟ್ಟಿಕೊಂಡರು. ಕಳೆದ ಶತಮಾನದಲ್ಲಿ ದೊಡ್ಡ ಭೂಕಂಪವಾದಾಗ ಮೇಲಿನ ಮಠ ಬಿರಿದು ಬಿತ್ತು, ಒಳಗಿನ ಹಳೆಯ ಗೋಡೆ ಅಲುಗಲಿಲ್ಲ. ಒಳ್ಳೆಯ ಕಥೆ. ಯಾರು ಹೇಳಿದರೂ ಕೇಳಬೇಕೆನಿಸುವ ಕಥೆಯನ್ನು ಯಾರಿಗೂ ಬೇಡವಾಗುವ ಹಾಗೆ ಹೇಳುವುದು ಅಂಕಲ್‌ಗೆ ಸಿದ್ಧಿಸಿತ್ತು. ಮೈಕನ್ನು ಬೆರಳಿನಿಂದ ತಟ್ಟಿ, "ಈಗ ಹೇಳಿ, ಆ ಗೋಡೆ ಕಟ್ಟಿದವರು ಯಾರು?" ಎಂದು ಕೇಳುವರು. ಯಾರೋ ಹುಡುಗಿ "ಇಂಕಾಸ್" ಎಂದರೆ, "ತಪ್ಪು. ನಮ್ಮವರು. ಸೂರ್ಯನ ಪೂಜೆ ಮಾಡ್ತಿದ್ರು ಅಂದ್ಮೇಲೆ ಇನ್ಯಾರು?" ಎನ್ನುವರು. ಎಲ್ಲಿಯಾದರೂ ಗೋಡೆ ಚೆನ್ನಾಗಿದ್ದರೆ ಅದನ್ನು ಕಟ್ಟಿದವನು ನಮ್ಮ ಮುತ್ತಾತನೇ ಆಗಿರಬೇಕು. ಬೇರೆ ಯಾರಿಗೂ ಕಲ್ಲಿನ ಮೇಲೆ ಕಲ್ಲಿಡುವ ಬುದ್ಧಿ ದೇವರು ಕೊಟ್ಟಿಲ್ಲ.

ಬರೀ ಮಾತಿನಲ್ಲಿ ನಿಂತಿದ್ದರೆ ಚೆನ್ನಾಗಿತ್ತು. ಅವರ ಹಿತ್ತಲು ಇಳಿಜಾರಾಗಿತ್ತು, ಕೆಳಗೆ ಬಡಾವಣೆಯ ಕೊಳ. ಮಣ್ಣು ಜಾರದಂತೆ ಅಡ್ಡಗೋಡೆ ಕಟ್ಟಲು ಬಂದ ಕಂಟ್ರಾಕ್ಟರ್‌ನನ್ನು ನಿಲ್ಲಿಸಿ, "ಗಾರೆ ಬೇಡ, ಸಿಮೆಂಟು ಬೇಡ. ಇಂಕಾ ಟೆಕ್ನಿಕ್," ಎಂದರು. ಆ ಮನುಷ್ಯ ಇಲ್ಲಿ ನೆಲ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ ಎಂದು ಬಿಡಿಸಿ ಹೇಳಿದ. ಇವರು ಅವನಿಗೆ ಭೂಕಂಪದ ಕಥೆ ಹೇಳಿದರು. ಮಾರ್ಚ್‌ನಲ್ಲಿ ಹಿಮ ಕರಗುತ್ತಿದ್ದ ಹಾಗೆ ಇಂಕಾ ಗೋಡೆ ಕಲ್ಲು ಕಲ್ಲಾಗಿ ಕೊಳಕ್ಕೆ ಇಳಿಯಿತು, ಜೊತೆಗೆ ಆಂಟಿಯ ಪುದೀನ ಪಾತಿಯೂ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂಕಲ್ ಕೊಳದ ದಂಡೆಯಲ್ಲಿ ನಿಂತು, "ಮಿಷಿಗನ್ ಕಲ್ಲಿಗೆ ಆ ಗುಣ ಇಲ್ಲ," ಎಂದರು.

ಆ ಮೇಲೆ ಗುಂಪು ಪ್ರವಾಸ. ನಾವು ಐದಾರು ಕುಟುಂಬ ಹೆಸರು ಕೊಟ್ಟೆವು. ಅಂಕಲ್ ಕರೆದಾಗ ಇಲ್ಲ ಎನ್ನಲಾಗಲಿಲ್ಲ ಎಂಬುದೇ ಎಲ್ಲರ ಕಾರಣ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋದಕ್ಕೆ ಜಾಗ ಇಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅಜ್ಜಿ ಕನ್ನಡ ಸಂಘ ನೋಡಿದವರಲ್ಲ, ಆದರೂ ಎಷ್ಟು ಸರಿಯಾಗಿ ಹೇಳಿದ್ದರು ನೋಡಿ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಬೇಳೆ ಬೇಯುವುದಿಲ್ಲ, ಆದ್ದರಿಂದ ಮನೆಗೊಂದು ಪ್ರೆಷರ್ ಕುಕ್ಕರ್ ತರಲೇಬೇಕು ಎಂದು ಅವರ ಅಪ್ಪಣೆಯಾಯಿತು. ಪೆರುವಿನ ಈಗಿನ ರಾಜಧಾನಿ ಲಿಮಾದ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ನಮ್ಮ ಒಂದು ಸೂಟ್‌ಕೇಸ್ ತೆಗೆದರು, ಕುಕ್ಕರ್. ಇನ್ನೊಂದು ತೆಗೆದರು, ಕುಕ್ಕರ್. ಮೂರನೆಯದು ಸಿಕ್ಕಾಗ ತಮ್ಮ ಮೇಲಧಿಕಾರಿಯನ್ನು ಕರೆದರು. ಅಷ್ಟೂ ಕುಕ್ಕರುಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಇದೇನೆಂದು ಕೇಳಿದಾಗ ಅಂಕಲ್ ಮುಂದೆ ಬಂದು, "ಕಲ್ಚರ್," ಎಂದರು.

ಕುಸ್ಕೋದಲ್ಲಿ ನಮ್ಮ ಗೈಡ್ ರೋಸಾ ಎಂಬ ಪುಟ್ಟ ಹೆಂಗಸು, ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಸದಾ ಒಂದು ಕೆಂಪು ಕೊಡೆ. ಸಮುದ್ರ ಮಟ್ಟದಿಂದ ಎರಡು ಗಂಟೆಯೊಳಗೆ ಇಷ್ಟು ಮೇಲೆ ಬಂದಿದ್ದೀರಿ, ಇವತ್ತು ಮಲಗಿ, ಕೋಕಾ ಎಲೆಯ ಕಷಾಯ ಕುಡಿಯಿರಿ, ಹೊಟ್ಟೆ ಹಗುರವಾಗಿರಲಿ ಎಂದು ಹೇಳಿದಳು. ಅಂಕಲ್ ಕಷಾಯದ ಲೋಟ ಪಕ್ಕಕ್ಕೆ ಸರಿಸಿದರು. "ನಾವು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳ್ದೋರಮ್ಮ. ನಮಗೆ ಇದೆಲ್ಲ ಏನೂ ಆಗಲ್ಲ," ಎಂದು ಕನ್ನಡದಲ್ಲೇ ಹೇಳಿದರು. ಆಂಟಿಗೆ ಹೋಟೆಲಿನ ಅಡುಗೆಮನೆ ಬಿಡಿಸಿಕೊಟ್ಟು ಬಿಸಿಬೇಳೆಬಾತ್ ಮಾಡಿಸಿದರು. ತುಪ್ಪ ಸುರಿದುಕೊಂಡು ಎರಡು ಸಲ ಬಡಿಸಿಕೊಂಡರು. ನಾವು ಕಷಾಯ ಕುಡಿದು ಮಲಗಿದೆವು.

ಬೆಳಗ್ಗೆ ಅವರು ಏಳಲಿಲ್ಲ. ತಲೆ ಸಿಡಿತ, ವಾಂತಿ. ಡಾಕ್ಟರ್ ಬಂದು ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿ, ಹಾಸಿಗೆ ಬಿಟ್ಟು ಕದಲಬಾರದು ಎಂದು ಹೇಳಿ ಹೋದ. ಚಾಮುಂಡಿ ಬೆಟ್ಟದ ಮೆಟ್ಟಿಲು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ನಾವು ಆ ಊರಿನಲ್ಲಿದ್ದಷ್ಟು ದಿನವೂ ಅಂಕಲ್ ಹಾಸಿಗೆಯಲ್ಲೇ ಇದ್ದರು. ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವ ದಿನ ಗಾಲಿಕುರ್ಚಿಯಲ್ಲಿ ಹೊರಗೆ ಬಂದರು. ಇಂಕಾ ಗೋಡೆ ಬಿಡಿ, ಊರಿನ ಚೌಕವನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ಮೊದಲ ದಿನ ಆಂಟಿ ಅವರ ಪಕ್ಕದಲ್ಲೇ ಕೂತಿದ್ದರು. ಎರಡನೆಯ ದಿನ ಅಂಕಲ್ ಕಣ್ಣು ಮುಚ್ಚಿಕೊಂಡೇ, "ನೀನು ಹೋಗು. ಎಲ್ಲಾ ಸರಿಯಾಗಿ ನೋಡ್ಕೊಂಡು ಬಂದು ಹೇಳು," ಎಂದರು. ಆಂಟಿ ಬಂದರು. ಆಮೇಲಿನ ದಿನಗಳಲ್ಲಿ ನಾನು ನೋಡಿದ್ದು ಬೇರೆಯೇ ಹೆಂಗಸು. ಮೆಟ್ಟಿಲು ಮೆಟ್ಟಿಲಾಗಿ ಏರುವ ಓಣಿಗಳಲ್ಲಿ ನಾವೆಲ್ಲ ಏದುಸಿರು ಬಿಡುತ್ತಿದ್ದರೆ ಅವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ರೋಸಾಳ ಕೆಂಪು ಕೊಡೆಯ ಹಿಂದೆ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದರು. ಕಲ್ಲಿನ ಸಂದಿಗೆ ಬೆರಳಿಟ್ಟು ನೋಡುತ್ತಿದ್ದರು. ಒಂದೊಂದು ಕಲ್ಲಿಗೂ ಒಂದೊಂದು ಆಕಾರ, ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಸಂತೆಯಲ್ಲಿ ಒಣಗಿದ ಕರಿ ಆಲೂಗಡ್ಡೆ ಮಾರುತ್ತಿದ್ದವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೇಗೆ ಮಾಡುವುದೆಂದು ಕೇಳಿದರು. ರಾತ್ರಿ ಹಿಮಕ್ಕೆ ಹಾಸಿ, ಹಗಲು ಕಾಲಿನಲ್ಲಿ ತುಳಿದು ನೀರು ತೆಗೆದು ಬಿಸಿಲಿಗೆ ಒಣಗಿಸುವುದು, ವರ್ಷಗಟ್ಟಲೆ ಕೆಡುವುದಿಲ್ಲ ಎಂದು ರೋಸಾ ತಿಳಿಸಿದಳು. "ನಮ್ಮ ಸಂಡಿಗೆ ಥರಾನೇ," ಎಂದು ಆಂಟಿ ನನ್ನ ಕಡೆ ತಿರುಗಿ ನಕ್ಕರು. ಅವರ ಹಲ್ಲು ಅಷ್ಟು ಚೆನ್ನಾಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ದೊಡ್ಡ ಚೌಕದಲ್ಲಿ ನಿಂತು ರೋಸಾ ಸತ್ತ ರಾಜರ ವಿಷಯ ಹೇಳಿದಳು. ಇಂಕಾ ರಾಜ ಸತ್ತರೆ ಅವನದು ಏನೂ ಹೋಗುತ್ತಿರಲಿಲ್ಲವಂತೆ. ಅರಮನೆ ಅವನದೇ, ಹೊಲ ಅವನದೇ, ಆಳುಕಾಳು ಅವನವರೇ. ದೇಹವನ್ನು ಕೆಡದಂತೆ ಒಣಗಿಸಿ, ಒಳ್ಳೆಯ ಬಟ್ಟೆ ತೊಡಿಸಿ ಕೂರಿಸುತ್ತಿದ್ದರು. ಹಬ್ಬ ಬಂದರೆ ಸತ್ತ ರಾಜರನ್ನೆಲ್ಲ ಹೊತ್ತು ತಂದು ಇದೇ ಚೌಕದಲ್ಲಿ ಹಿರಿತನದ ಪ್ರಕಾರ ಸಾಲಾಗಿ ಕೂರಿಸಿ, ಎದುರಿಗೆ ಊಟವನ್ನೂ ಜೋಳದ ಮದ್ಯವನ್ನೂ ಇಡುತ್ತಿದ್ದರು. ಒಬ್ಬೊಬ್ಬ ರಾಜನ ಪಕ್ಕದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ರಾಜನಿಗೆ ಇದು ಬೇಕಂತೆ, ಇದು ಇಷ್ಟವಿಲ್ಲವಂತೆ ಎಂದು ಅವನ ಪರವಾಗಿ ಮಾತಾಡುವುದು ಅವರ ಕೆಲಸ. ಹೊಸ ರಾಜನಿಗೆ ಸಿಗುತ್ತಿದ್ದುದು ಬರೀ ಪಟ್ಟ. ಮನೆ ಅವನೇ ಕಟ್ಟಿಕೊಳ್ಳಬೇಕು, ನೆಲ ಅವನೇ ಗೆದ್ದುಕೊಳ್ಳಬೇಕು.

"ಮತ್ತೆ ಬದುಕಿರೋರಿಗೆ ಜಾಗ?" ಎಂದು ಆಂಟಿ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು.

ರೋಸಾ ಕೊಡೆಯನ್ನು ನೆಲಕ್ಕೂರಿ ನಕ್ಕಳು. ಕೊನೆಕೊನೆಯ ರಾಜನೊಬ್ಬ ಕೇಳಿದ್ದೂ ಅದನ್ನೇ ಎಂದಳು. ಒಳ್ಳೆಯ ನೆಲವೆಲ್ಲ ಸತ್ತವರ ಕೈಯಲ್ಲಿದೆ, ಇವರನ್ನೆಲ್ಲ ಹೂಳಿಸಿಬಿಡುತ್ತೇನೆ ಎಂದು ಅವನು ಸಿಟ್ಟಾದನಂತೆ. ಸತ್ತವರ ಹೆಸರಿನಲ್ಲಿ ಉಂಡು ತಿಂದು ಇದ್ದ ದೊಡ್ಡ ಮನೆತನಗಳೆಲ್ಲ ಅವನಿಗೆ ತಿರುಗಿಬಿದ್ದವು. ಅಣ್ಣತಮ್ಮಂದಿರ ಯುದ್ಧವಾಯಿತು. ಆ ಜಗಳ ಮುಗಿಯುವ ಹೊತ್ತಿಗೆ ಸ್ಪೇನಿನವರು ಬಂದಿಳಿದಿದ್ದರು. ಆಮೇಲೆ ಅವರು ಆ ದೇಹಗಳನ್ನು ಹುಡುಕಿ ಲಿಮಾಕ್ಕೆ ಸಾಗಿಸಿದರು, ಅಲ್ಲಿಂದ ಎಲ್ಲಿ ಹೋದವೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಈಗ ಅದೇ ಚೌಕದಲ್ಲಿ ಹಬ್ಬಕ್ಕೆ ಇಗರ್ಜಿಯ ಸಂತರ ಮೂರ್ತಿಗಳನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಹೊರುವ ಹೆಗಲು ಅವೇ, ಹೊರೆ ಬದಲಾಯಿತು ಎಂದಳು ರೋಸಾ.

ಸಂಜೆಯಾದರೆ ಆಂಟಿಯ ವರದಿ. ನಮ್ಮ ಕೋಣೆ ಪಕ್ಕದಲ್ಲೇ, ನಡುವೆ ತೆಳ್ಳಗಿನ ಹಲಗೆಯ ಗೋಡೆ. ಆಂಟಿ ಅಂದಿನದನ್ನೆಲ್ಲ ಹೇಳುತ್ತಿದ್ದರು. ಓಣಿಯ ನಡುವೆ ಹರಿಯುವ ಕಾಲುವೆ, ಚೌಕದಲ್ಲಿ ಒಂದು ಕಾಲಕ್ಕೆ ಸಮುದ್ರದ ಮರಳು ತಂದು ಹರಡಿದ್ದದ್ದು, ದೊಡ್ಡ ಇಗರ್ಜಿಯ ಚಿತ್ರದಲ್ಲಿ ಏಸುವಿನ ಕೊನೆಯ ಊಟದ ತಟ್ಟೆಯಲ್ಲಿ ಅಲ್ಲಿಯವರು ತಿನ್ನುವ ಗಿನಿಯಿಲಿ ಇಟ್ಟದ್ದು. ಹಗಲಿಡೀ ನಾನೂ ಅದನ್ನೇ ನೋಡಿದ್ದೆ, ಆದರೆ ಅವರ ಬಾಯಲ್ಲಿ ಕೇಳಿದಾಗ ಊರು ಇನ್ನೊಮ್ಮೆ ಕಣ್ಣಿಗೆ ಕಟ್ಟುತ್ತಿತ್ತು. ನಡುನಡುವೆ ಅಂಕಲ್‌ನ "ಹೂಂ, ಆಮೇಲೆ?" ಕೇಳಿಸುತ್ತಿತ್ತು. ಹೇಳಿ ಮುಗಿಸಿದ ಮೇಲೆ ಅವರು "ಸರಿ, ಕಿತ್ತಳೆ ಇದ್ಯಾ?" ಎನ್ನುತ್ತಿದ್ದರು.

ಅವರ ಹಾಸಿಗೆಗೆ ಕಾಣುತ್ತಿದ್ದುದು ಒಂದು ಕಿಟಕಿ, ಕಿಟಕಿಯಾಚೆ ಹೋಟೆಲಿನವರು ಬಟ್ಟೆ ಒಗೆಯುವ ಅಂಗಳದ ಗೋಡೆ. ಮಲಗಿದಲ್ಲಿಂದಲೇ ಫೋನೆತ್ತಿ ಅದರ ಫೋಟೋ ತೆಗೆದಿದ್ದರು. ಆ ಗೋಡೆಯ ಕಥೆಯನ್ನು ರೋಸಾ ನಮಗೆ ಮೊದಲ ದಿನವೇ ಹೇಳಿ ನಕ್ಕಿದ್ದಳು. ಮಾಲೀಕ ಈಚೆಗೆ ಸಿಮೆಂಟು ಬಳಿಸಿ, ಹಸಿಯಿರುವಾಗ ಮೊಳೆಯಿಂದ ಕಲ್ಲಿನ ಹಾಗೆ ಗೆರೆ ಎಳೆಸಿದ್ದಂತೆ. ಪ್ರವಾಸಿಗಳಿಗೆ ಸಂತೋಷವಾಗುತ್ತದೆ ಎಂದು.

ಮಿಷಿಗನ್‌ಗೆ ವಾಪಸು ಬಂದು ತಿಂಗಳಾಗಿರಲಿಲ್ಲ. ಸಂಘ ಬಾಡಿಗೆಗೆ ಹಿಡಿಯುವ ಶಾಲೆಯ ಕೆಫೆಟೇರಿಯಾದಲ್ಲಿ ಅಂಕಲ್‌ನ ಉಪನ್ಯಾಸ, 'ನಾನು ಕಂಡ ಕುಸ್ಕೋ'. ಕಾಲುವೆ ಬಂತು, ಮರಳು ಬಂತು, ಸತ್ತ ರಾಜರು ಬಂದರು, ಎಲ್ಲ ಆಂಟಿ ಹೇಳಿದ ಕ್ರಮದಲ್ಲೇ. ಆಮೇಲೆ ಪರದೆಯ ತುಂಬ ಆ ಗೋಡೆಯ ಫೋಟೋ ಬಂತು. "ಇದು ನೋಡಿ. ಐನೂರು ವರ್ಷದ ಗೋಡೆ. ಇದರ ಸಂದಿಗೆ ಬ್ಲೇಡ್ ತೂರಿಸೋಕಾಗಲ್ಲ. ನಾನೇ ಟ್ರೈ ಮಾಡಿದೀನಿ," ಎಂದರು. ಸಿಮೆಂಟಿಗೆ ಬ್ಲೇಡ್ ತೂರದೆ ಇರುವುದು ನಿಜವೇ. ಪ್ರವಾಸಕ್ಕೆ ಹೋಗಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಗಂಡ ಕೆಮ್ಮಿದರು. ವಯಸ್ಸಾದವರು, ಪಾಪ, ಎಷ್ಟು ಆಸೆಯಿಂದ ಹೇಳುತ್ತಿದ್ದಾರೆ ಎಂದುಕೊಂಡು ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯಿಂದಲೇ ಅವರು ಕುಸ್ಕೋ ಅಂಕಲ್ ಆದರು. ಷಿಕಾಗೋದ ಸಂಘದವರೂ ಕರೆಸಿ ಶಾಲು ಹೊದಿಸಿದರು.

ನನಗೆ ಅವರ ಸುಳ್ಳಿನ ಮೇಲೆ ಅಷ್ಟು ಸಿಟ್ಟಿಲ್ಲ. ಸುಳ್ಳು ಎಲ್ಲರೂ ಹೇಳುತ್ತಾರೆ. ಯಾರದೋ ಮನೆಯ ಊಟದಲ್ಲಿ ಆಲೂಗಡ್ಡೆ ಪಲ್ಯ ಬಡಿಸುವಾಗ ಆಂಟಿ, "ಕುಸ್ಕೋದಲ್ಲಿ ಇದನ್ನ ಹಿಮಕ್ಕೆ ಹಾಕಿ ತುಳಿದು..." ಎಂದು ಶುರು ಮಾಡಿದರು. ಎಲ್ಲರ ಕೈ ನಿಂತಿತು, ಕೇಳುವ ಆಸೆಯಿಂದ. ಅಂಕಲ್ ತಟ್ಟೆಯಿಂದ ತಲೆ ಎತ್ತದೆ, "ಅದು ಹಾಗಲ್ಲ. ನಿಂಗೇನು ಗೊತ್ತು, ಸುಮ್ನಿರು," ಎಂದರು. ಆಂಟಿ ಪಲ್ಯದ ಸೌಟು ಹಿಡಿದು ಮುಂದಿನ ತಟ್ಟೆಗೆ ಹೋದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ತಾನು ಕಾಣದ ಊರನ್ನು ಕಂಡವಳ ಬಾಯಿಂದಲೇ ತೆಗೆದುಕೊಂಡು ಅವಳ ಬಾಯಿ ಮುಚ್ಚಿಸುವುದಕ್ಕೆ ಎಂಥ ಎದೆ ಬೇಕು. ಆಮೇಲೆ ಆಂಟಿ ಆ ಊರಿನ ಹೆಸರೆತ್ತಿದ್ದನ್ನು ನಾನು ಕೇಳಲಿಲ್ಲ.

ಈ ಫೆಬ್ರವರಿಯಲ್ಲಿ ಅಂಕಲ್ ಹೋದರು. ಹೃದಯ ನಿಂತಿತು, ಹೆಚ್ಚು ನರಳಲಿಲ್ಲ. ವೈಕುಂಠ ಸಮಾರಾಧನೆಯ ಊಟದಲ್ಲೇ ಗಿರೀಶ ಗ್ರಂಥಾಲಯದ ಮಾತು ತೆಗೆದ. ಸಂಘಕ್ಕೆ ಸ್ವಂತ ಜಾಗವಿಲ್ಲ, ಬೇಸ್‌ಮೆಂಟ್ ಎಷ್ಟು ದೊಡ್ಡದು, ಅಂಕಲ್‌ನ ಪುಸ್ತಕಗಳೂ ಅಲ್ಲೇ ಇವೆ, ಭಾನುವಾರ ಎಲ್ಲರೂ ಬಂದು ಹೋಗುತ್ತಿದ್ದರೆ ಆಂಟಿಗೂ ಒಂಟಿತನ ಇರುವುದಿಲ್ಲ. ಆಂಟಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಅದನ್ನೇ ಒಪ್ಪಿಗೆ ಎಂದು ಕಮಿಟಿಯವರು ತಿಳಿದುಕೊಂಡರು.

ಮಾರ್ಚ್ ಕೊನೆಗೆ ಆಂಟಿಯನ್ನು ಷಿಕಾಗೋ ಬಳಿಯ ಲೆಮಾಂಟ್‌ಗೆ ಕರೆದೊಯ್ದೆ. ಅವರ ಮಗಳಿರುವುದು ಅಲ್ಲಿ, ಹಿಂದೂ ದೇವಸ್ಥಾನವಿರುವ ಗುಡ್ಡದಿಂದ ಹೆದ್ದಾರಿಯ ಎರಡು ಎಕ್ಸಿಟ್ ಆಚೆ. ಐ-94 ಹೆದ್ದಾರಿಯಲ್ಲಿ ಕಲಮಜೂ ಊರು ದಾಟಿ ಕಾಫಿಗೆ ನಿಲ್ಲಿಸಿದಾಗ ಆಂಟಿ ಕಾರಿಳಿಯದೆ ಕೂತಿದ್ದರು.

"ಮಗಳ ಮನೆ ಹತ್ರ ಒಂದು ಅಪಾರ್ಟ್‌ಮೆಂಟ್ ನೋಡಿದೀನಿ ಕಣೆ," ಎಂದರು. "ಒಂದೇ ಬೆಡ್‌ರೂಮು. ಅಡುಗೆಮನೆಗೆ ಬಿಸಿಲು ಬರತ್ತೆ. ನಾರ್ತ್‌ವಿಲ್ ಮನೆ ಮಾರಿದ್ರೆ ತಗೋಬಹುದು. ಆ ಮನೇಲಿ ನಂಗೆ ಆಗ್ತಿಲ್ಲ. ಬೆಳಗ್ಗೆ ಎದ್ರೆ ಆ ಮೆಟ್ಟಿಲು, ಆ ಕಂಬ. ಎಲ್ಲಾ ಅವರ್ದೇ."

"ಮಾರಿಬಿಡಿ ಆಂಟಿ."

"ಗಿರೀಶಂಗೆ ಹೆಂಗೆ ಹೇಳೋದು? ಆಗ್ಲೇ ಎಲ್ರಿಗೂ ಈಮೇಲ್ ಹಾಕ್ಬಿಟ್ಟಿದಾನೆ. ಅಪಾರ್ಟ್‌ಮೆಂಟ್‌ನವರು ಮುಂದಿನ ತಿಂಗ್ಳೊಳಗೆ ಹೇಳ್ಬೇಕು ಅಂತಿದಾರೆ. ಬೇಡ ಅಂದ್ರೆ ಗಂಡನ ಹೆಸರು ಅಳಿಸಿದ್ಲು ಅಂತಾರಲ್ವಾ?"

ಬೇಕಾದರೆ ನಾನೇ ಹೇಳುತ್ತೇನೆ ಎಂದೆ. ಆಂಟಿ ಬೇಡವೆಂದರು.

ಏಪ್ರಿಲ್‌ನಲ್ಲಿ ಸ್ಮರಣಾರ್ಥ ಸಭೆ, ಅದೇ ಕೆಫೆಟೇರಿಯಾದಲ್ಲಿ. ಒಳಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ವೇದಿಕೆಯ ಹಿಂದೆ ಆ ಸಿಮೆಂಟು ಗೋಡೆಯ ಫೋಟೋವನ್ನು ಬ್ಯಾನರ್ ಮಾಡಿಸಿ ತೂಗುಹಾಕಿದ್ದರು. ಅಂಕಲ್‌ನ ಭಾವಚಿತ್ರಕ್ಕೆ ಹಾರ ಹಾಕಿ, ಶಾಲು ಹೊದಿಸಿ, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದ್ದರು. ಎದುರಿನ ಸ್ಟೂಲಿನ ಮೇಲೆ ಬಾಳೆಲೆಯಾಕಾರದ ಪೇಪರ್ ತಟ್ಟೆ, ಅದರಲ್ಲಿ ಹೋಳಿಗೆ, ಚಿತ್ರಾನ್ನ, ಒಂದು ಕಿತ್ತಳೆ ಹಣ್ಣು. ಆಂಟಿಯನ್ನು ಎಂದಿನಂತೆ ಎರಡನೆಯ ಸಾಲಿನಲ್ಲಿ, ಸರಿಯಾಗಿ ಹಿಂದೆ ಕೂರಿಸಿದ್ದರು. ಗಿರೀಶ ಕುರ್ಚಿಯ ಪಕ್ಕದಲ್ಲಿ ಮೈಕ್ ಹಿಡಿದು, "ಅಂಕಲ್ ಆಸೆ ಏನಿತ್ತು ಅಂದ್ರೆ... ಅಂಕಲ್ ಯಾವಾಗ್ಲೂ ಏನ್ ಬಯಸ್ತಿದ್ರು ಅಂದ್ರೆ..." ಎನ್ನುತ್ತಿದ್ದ. ನಾನು ಹೋಗಿ ಮೊದಲ ಸಾಲಿನ ತುದಿಯಲ್ಲಿ ಕೂತೆ. ರೋಸಾ ಇದ್ದಿದ್ದರೆ ಕೊಡೆ ಊರಿಕೊಂಡು ಎಷ್ಟು ನಗುತ್ತಿದ್ದಳೋ.

ಒಬ್ಬೊಬ್ಬರೇ ಬಂದು ನಾಲ್ಕು ಒಳ್ಳೆಯ ಮಾತಾಡಿದರು. ಗ್ರಂಥಾಲಯದ ನಕ್ಷೆ ಪರದೆಯ ಮೇಲೆ ಬಂತು, ಆಂಟಿಯ ಬಟ್ಟೆ ಒಗೆಯುವ ಯಂತ್ರ ಇರುವ ಜಾಗದಲ್ಲಿ ಓದುವ ಮೇಜು. ಕೊನೆಗೆ ಗಿರೀಶ ಬಗ್ಗಿ ಮೈಕನ್ನು ಆಂಟಿಯ ಕೈಗಿಟ್ಟ. "ಆಂಟಿ, ಎರಡು ಮಾತು."

ಆಂಟಿ ಎದ್ದು ನಿಂತರು. ಮೈಕ್ ತಟ್ಟಲಿಲ್ಲ. "ಎರಡು ಅಂದ್ರೆ ಎರಡೇ ಆಡ್ತೀನಿ," ಎಂದರು. "ಆ ಗೋಡೆ ಇಂಕಾದವರದ್ದಲ್ಲ. ನಾವಿದ್ದ ಹೋಟೆಲ್‌ದು. ಸಿಮೆಂಟು. ಇವರಿಗೆ ಹುಷಾರಿರ್ಲಿಲ್ಲ, ಮಲಗಿದ ಕಡೆಯಿಂದ ಅದೊಂದೇ ಕಾಣ್ತಿತ್ತು. ಊರು ನೋಡಿದ್ದು ನಾನು." ಪ್ರವಾಸಕ್ಕೆ ಬಂದಿದ್ದವರೆಲ್ಲ ತಮ್ಮ ತಮ್ಮ ಕಾಲ ಬೆರಳು ನೋಡಿಕೊಳ್ಳುತ್ತಿದ್ದರು. "ತುಂಬಾ ಚೆಂದದ ಊರು. ಆದ್ರೆ ಅಲ್ಲಿ ಒಂದು ಕಾಲಕ್ಕೆ ಸತ್ತೋರಿಗೆ ಅಂತ ಮನೆ ಬಿಟ್ಟೂ ಬಿಟ್ಟೂ, ಬದುಕಿರೋರಿಗೆ ಜಾಗ ಇಲ್ದೆ ಹೋಯ್ತಂತೆ. ಎರಡನೇ ಮಾತು, ನಾನು ಮನೆ ಮಾರ್ತಿದೀನಿ. ಬೇಸ್‌ಮೆಂಟ್ ಕೊಡೋಕಾಗಲ್ಲ."

ಗಿರೀಶ ಮೈಕ್ ಇಲ್ಲದೆಯೇ ಹೇಳಿದ. "ಆಂಟಿ, ಅಂಕಲ್ ಇದ್ದಿದ್ರೆ ಇದಕ್ಕೆ..."

"ಇ‍ಲ್ವಲ್ಲಪ್ಪ ಅವರು," ಎಂದರು ಆಂಟಿ.

ದನಿ ಎತ್ತಲಿಲ್ಲ. ಮೈಕನ್ನು ಅವನ ಕೈಗೆ ವಾಪಸು ಕೊಟ್ಟು ಸಾಲು ಬಳಸಿ ಮುಂದೆ ಬಂದರು. ಕುರ್ಚಿಯ ಮೇಲಿನ ಭಾವಚಿತ್ರವನ್ನು ಹಾರ ಸಮೇತ ಎತ್ತಿ ನನ್ನ ಕಡೆ ಚಾಚಿ, "ಇದನ್ನ ಸ್ವಲ್ಪ ಹಿಡ್ಕೋ," ಎಂದರು. ಆಮೇಲೆ ಆ ಕುರ್ಚಿಯಲ್ಲಿ ಕೂತರು. ತಟ್ಟೆಯಿಂದ ಕಿತ್ತಳೆ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದರು. ಅಷ್ಟು ಜನರ ನಡುವೆ ಕಿತ್ತಳೆಯ ವಾಸನೆ ಹರಡಿತು. ನಾರು ಬಿಡಿಸಲಿಲ್ಲ. ಒಂದೊಂದೇ ತೊಳೆ ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ಉಗುಳಿಕೊಂಡು, ಅವಸರವಿಲ್ಲದೆ ತಿಂದರು.

ನಾನು ಅಂಕಲ್‌ನನ್ನು ಹಿಡಿದುಕೊಂಡು ನಿಂತಿದ್ದೆ. ಚೌಕಟ್ಟು ಭಾರವಾಗಿತ್ತು. ಎಲ್ಲಿಡುವುದು ಎಂದು ಸುತ್ತ ನೋಡಿದೆ. ಆಂಟಿ ಎದ್ದ ಜಾಗ ಖಾಲಿಯಿತ್ತು, ಅಲ್ಲಿಟ್ಟೆ. ಅಂಕಲ್ ಎರಡನೆಯ ಸಾಲಿನಲ್ಲಿ ಕೂತದ್ದು ಅದೇ ಮೊದಲು.